ಎದುರು ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುವ ಸೈಕ್ಲಿಂಗ್ ಆ್ಯಪ್: ಸುಧಾರಣೆಯ ಹೆಜ್ಜೆಗಳು

ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ. ಕ್ರೀಡಾ ಇಲಾಖೆಯ ವಸತಿ ನಿಲಯಗಳಿಂದ, ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯಿಂದ ಹೊರಟ ಮಕ್ಕಳು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ರೈತರ, ಕೂಲಿಕಾರರ ಮನೆಯವರು. ಇದೇ ಭಾಗದಲ್ಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಕಚೇರಿ ಇರುವ ಬೆಳಗಾವಿಯಿಂದ ಹಿಡಿದು ವಿಜಯಪುರದವರೆಗೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ವ್ಯಾಯಾಮ ದಾಖಲಿಸುವ ಆ್ಯಪ್ ಮಾಡುವ ವಿದ್ಯಾರ್ಥಿಗಳೂ ಇದ್ದಾರೆ. ಈ ಇಬ್ಬರೂ ಒಂದೆಡೆ ಕೂತು ಕೆಲಸ ಮಾಡಬೇಕು ಎಂಬುದು ನನ್ನ ಬಹುದಿನದ ಆಸೆ. ಅದಕ್ಕಾಗಿಯೇ ಈ ಬರಹ.

ನಿಮ್ಮ ಬಳಿ ಹೇಗೋ ಓಡುತ್ತಿರುವ ಒಂದು ಆ್ಯಪ್ ಈಗಾಗಲೇ ಇದೆ ಎಂದುಕೊಂಡಿದ್ದೇನೆ. ಶುರು ಒತ್ತಿದರೆ ಜಿಪಿಎಸ್ ಹಿಡಿಯುತ್ತದೆ, ನಿಲ್ಲಿಸಿದರೆ ನಕ್ಷೆ ತೋರಿಸುತ್ತದೆ. ಅದನ್ನು ಸುಧಾರಿಸಬೇಕು ಎಂದಾಗ ಹೆಚ್ಚಿನವರು ಬ್ಯಾಡ್ಜ್, ಲೀಡರ್‌ಬೋರ್ಡ್, ಬಣ್ಣಬಣ್ಣದ ಗ್ರಾಫ್‌ಗಳ ಕಡೆಗೆ ಓಡುತ್ತಾರೆ. ನಾನು ಹೇಳುವ ದಾರಿ ಬೇರೆ. ಆ್ಯಪ್ ಹೇಳುತ್ತಿರುವ ಸುಳ್ಳುಗಳನ್ನು ಮೊದಲು ಒಂದೊಂದಾಗಿ ನಿಲ್ಲಿಸಿ. ತಪ್ಪು ಸಂಖ್ಯೆ ನೋಡಿ ಹದಿನೈದರ ಹುಡುಗ ಮರುದಿನ ಇನ್ನಷ್ಟು ಜೋರಾಗಿ ತುಳಿದರೆ ಕೆಡುವುದು ಅವನ ದೇಹ.

ಮೊದಲ ಹೆಜ್ಜೆ: ಕೋಚ್ ಅವರ ನೋಟ್‌ಬುಕ್ ನೋಡಿ

ಕೋಡ್ ಮುಟ್ಟುವ ಮೊದಲು ನಸುಕಿನಲ್ಲಿ ಪ್ರ್ಯಾಕ್ಟೀಸ್ ನಡೆಯುವ ರಸ್ತೆಗೆ ಹೋಗಿ. ಕೋಚ್ ಅವರ ಅನುಮತಿ ಪಡೆದು ಅವರು ಕೈಯಲ್ಲಿ ಬರೆದಿಡುವ ಲೆಕ್ಕ ನೋಡಿ. ಎಷ್ಟು ಕಿ.ಮೀ., ಎಷ್ಟು ಹೊತ್ತು, ಯಾರು ಬಂಚ್‌ನಿಂದ (ಒಟ್ಟಾಗಿ ಸಾಗುವ ಸವಾರರ ಗುಂಪಿನಿಂದ) ಹಿಂದೆ ಬಿದ್ದರು, ಯಾರಿಗೆ ಮೊಣಕಾಲು ನೋವು, ಯಾರು ರಾತ್ರಿ ನಿದ್ದೆ ಮಾಡಿಲ್ಲ ಎಂಬಂಥ ಟಿಪ್ಪಣಿಗಳು ಅಲ್ಲಿರುತ್ತವೆ. ನಿಮ್ಮ ಆ್ಯಪ್‌ನಲ್ಲಿ ಇವುಗಳಲ್ಲಿ ಯಾವುದಕ್ಕೆ ಜಾಗವಿಲ್ಲವೋ ಅದನ್ನು ಪಟ್ಟಿ ಮಾಡಿ. ನಿಮ್ಮ ಮೊದಲ ಕೆಲಸದ ಪಟ್ಟಿ ಅದೇ.

ಆಮೇಲೆ, ಯಾರಿಗಾಗಿ ಸುಧಾರಿಸುತ್ತೀರಿ ಎಂದು ತೀರ್ಮಾನಿಸಿ. ಸ್ಪರ್ಧೆಗೆ ಇಳಿಯುವ ಹಾಸ್ಟೆಲ್ ಮಕ್ಕಳು, ಭಾನುವಾರ ಗೇರ್ ಸೈಕಲ್ ಹತ್ತಿ ಬೆಳಗಾವಿಯಿಂದ ಜಾಂಬೋಟಿ ಕಡೆ ಹೋಗುವ ಗೆಳೆಯರ ಬಳಗ, ಸಕ್ಕರೆ ಕಾಯಿಲೆಗೆಂದು ಡಾಕ್ಟರ್ ಮಾತು ಕೇಳಿ ಸೈಕಲ್ ಹಿಡಿದ ಐವತ್ತರ ಕಾಕಾ, ಈ ಮೂವರಿಗೂ ಒಂದೇ ಪರದೆ ಒಗ್ಗುವುದಿಲ್ಲ. ನಾನು ಮುಂದೆ ಬರೆದಿರುವುದು ಮುಖ್ಯವಾಗಿ ಹಾಸ್ಟೆಲ್ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಎರಡನೇ ಹೆಜ್ಜೆ: ರೆಕಾರ್ಡಿಂಗ್ ನಡುದಾರಿಯಲ್ಲಿ ನಿಲ್ಲಬಾರದು

ಸವಾರರ ಮೊದಲ ದೂರು ಇದೇ ಆಗಿರುತ್ತದೆ: "ಫೋನ್ ಕಿಸೆದಾಗ ಇಟ್ಟೆ ರೀ, ಇಪ್ಪತ್ತ ಕಿಲೋಮೀಟರ್ ಆದಮ್ಯಾಲ ಬಂದ್ ಆಗೇತಿ." ಇದಕ್ಕೆ ಕಾರಣ ಜಿಪಿಎಸ್ ಅಲ್ಲ, ಬ್ಯಾಟರಿ ಉಳಿಸುವ ವ್ಯವಸ್ಥೆ. ಆ್ಯಂಡ್ರಾಯ್ಡ್ 6ರಲ್ಲಿ ಡೋಜ್, ಅಂದರೆ ಬಳಸದ ಫೋನ್‌ನಲ್ಲಿ ಆ್ಯಪ್‌ಗಳ ಕೆಲಸ ತಡೆಯುವ ವ್ಯವಸ್ಥೆ, ಬಂತು. 7ರಿಂದ ಪರದೆ ಆರಿದ್ದು ಫೋನ್ ಚಲಿಸುತ್ತಿದ್ದರೂ ಅದರ ಹಗುರ ರೂಪ ಜಾರಿಗೆ ಬರುತ್ತದೆ. 8ರಿಂದ ಹಿನ್ನೆಲೆಯಲ್ಲಿರುವ ಆ್ಯಪ್‌ಗೆ ಗಂಟೆಗೆ ಕೆಲವೇ ಬಾರಿ ಸ್ಥಳದ ಮಾಹಿತಿ ಸಿಗುತ್ತದೆ. ಆದ್ದರಿಂದ ರೆಕಾರ್ಡಿಂಗ್ ನಡೆಯುವಷ್ಟು ಹೊತ್ತೂ ಫೋರ್‌ಗ್ರೌಂಡ್ ಸರ್ವಿಸ್ (ಬಳಕೆದಾರರಿಗೆ ಕಾಣುವಂತೆ ಓಡುತ್ತಲೇ ಇರುವ ಭಾಗ) ಚಾಲ್ತಿಯಲ್ಲಿರಬೇಕು, ಅದರ ನೋಟಿಫಿಕೇಶನ್ ಮೇಲೆ ಕಾಣುತ್ತಿರಬೇಕು. ಆ್ಯಂಡ್ರಾಯ್ಡ್ 14ಕ್ಕೆ ಮಾಡುವುದಾದರೆ ಆ ಸರ್ವಿಸ್ ಲೊಕೇಶನ್ ಬಗೆಯದು ಎಂದು ಆ್ಯಪ್‌ನ ವಿವರ ಕಡತವಾದ ಮ್ಯಾನಿಫೆಸ್ಟ್‌ನಲ್ಲಿ ಘೋಷಿಸಲೇಬೇಕು.

ಇಷ್ಟು ಮಾಡಿದರೂ ಕೆಲವು ಕಂಪನಿಗಳ ಫೋನ್‌ಗಳು ತಮ್ಮದೇ ಬ್ಯಾಟರಿ ನಿಯಮ ಹಾಕಿ ಆ್ಯಪ್ ಅನ್ನು ಕೊಲ್ಲುತ್ತವೆ. ಹಾಗಾಗಿ ಮೊದಲ ರೈಡ್‌ಗೆ ಮುಂಚೆಯೇ, ಆ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಯಾವುದನ್ನು ಬದಲಿಸಬೇಕು ಎಂದು ಚಿತ್ರಸಹಿತ ಕನ್ನಡದಲ್ಲಿ ತೋರಿಸಿ. ನಿಮ್ಮ ಸವಾರರ ಕೈಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಾದರಿಯ ಅಗ್ಗದ ಫೋನ್‌ಗಳಷ್ಟೇ ಇರುತ್ತವೆ. ಅಷ್ಟಕ್ಕೆ ಚಿತ್ರ ತೆಗೆದರೆ ಸಾಕು.

ಆ್ಯಪ್ ಸತ್ತೇ ಹೋದರೂ ರೈಡ್ ಸಾಯಬಾರದು. ಬಿಂದುಗಳನ್ನು ಮೆಮೊರಿಯಲ್ಲೇ ಕೂಡಿಟ್ಟು ಕೊನೆಯಲ್ಲಿ ಉಳಿಸುವ ಪದ್ಧತಿ ಬಿಟ್ಟುಬಿಡಿ. ಐದು ಹತ್ತು ಸೆಕೆಂಡಿಗೊಮ್ಮೆ ಫೋನ್‌ನ ಡೇಟಾಬೇಸ್‌ಗೆ ಬರೆಯಿರಿ. ಸೆಕೆಂಡಿಗೆ ಒಂದು ಬಿಂದುವಿನಂತೆ ನಾಲ್ಕು ಗಂಟೆಗೆ 14,400 ಬಿಂದು. ಇಂದಿನ ಯಾವ ಫೋನ್‌ಗೂ ಅದು ಭಾರವಲ್ಲ. ಆ್ಯಪ್ ಮತ್ತೆ ತೆರೆದಾಗ "ಅರ್ಧಕ್ಕೆ ನಿಂತ ರೈಡ್ ಮುಂದುವರಿಸಲೇ?" ಎಂದು ಕೇಳಿ. ನಡುವೆ ದಾಖಲಾಗದ ಭಾಗವನ್ನು ಚುಕ್ಕೆ ಗೆರೆಯಲ್ಲಿ ತೋರಿಸಿ. ಅದನ್ನು ಅಳೆದ ದೂರದಂತೆ ಒಳಗೊಳಗೇ ಕೂಡಿಸಬೇಡಿ.

ನೆಟ್‌ವರ್ಕ್ ಇಲ್ಲದಿದ್ದರೂ ಇದೆಲ್ಲ ನಡೆಯಬೇಕು. ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ. ಆದರೆ ಇಂಟರ್‌ನೆಟ್ ಇಲ್ಲದಾಗ ಉಪಗ್ರಹದ ಕಕ್ಷೆಯ ವಿವರವನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಕನಿಷ್ಠ ಅರ್ಧ ನಿಮಿಷ, ಕೆಲವೊಮ್ಮೆ ಕೆಲವು ನಿಮಿಷ ಹಿಡಿಯುತ್ತದೆ. ಸಿಗ್ನಲ್ ಸಿಗುವ ತನಕ "ಆಕಾಶ ಕಾಣುವಲ್ಲಿ ನಿಲ್ಲಿ, ಸಿದ್ಧವಾದಾಗ ಹೇಳುತ್ತೇನೆ" ಎಂದು ಆ್ಯಪ್ ದನಿಯಲ್ಲಿ ತಿಳಿಸಿದರೆ ಬಂಚ್ ಹೊರಡುವ ಗಡಿಬಿಡಿಯಲ್ಲಿ ಯಾರೂ ಅರ್ಧ ಸಿಗ್ನಲ್‌ನಲ್ಲಿ ಶುರು ಒತ್ತುವುದಿಲ್ಲ.

ಮೂರನೇ ಹೆಜ್ಜೆ: ದೂರ, ವೇಗ ನಿಜವಾಗಿರಲಿ

ಪ್ರತಿ ಜಿಪಿಎಸ್ ಬಿಂದುವಿನ ಜೊತೆ ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬ ಅಂದಾಜೂ ಬರುತ್ತದೆ. 20–25 ಮೀಟರಿಗಿಂತ ಹೆಚ್ಚು ಅನುಮಾನವಿರುವ ಬಿಂದುಗಳನ್ನು ದೂರದ ಲೆಕ್ಕಕ್ಕೆ ಸೇರಿಸಬೇಡಿ. ವೇಗಕ್ಕೆ ಎರಡು ಬಿಂದುಗಳ ನಡುವಿನ ದೂರವನ್ನು ಭಾಗಿಸುವ ಬದಲು, ಚಿಪ್ ಕೊಡುವ ವೇಗವನ್ನೇ ಬಳಸಿ. ಅದು ಸಿಗ್ನಲ್‌ನ ಡಾಪ್ಲರ್ ವ್ಯತ್ಯಾಸದಿಂದ (ಚಲನೆಯಿಂದ ತರಂಗದಲ್ಲಾಗುವ ಬದಲಾವಣೆಯಿಂದ) ಬಂದದ್ದಾಗಿದ್ದು ಸಾಮಾನ್ಯವಾಗಿ ಹೆಚ್ಚು ಸ್ಥಿರವಾಗಿರುತ್ತದೆ. ಬಾದಾಮಿಯ ಬಂಡೆಗಳ ಬುಡದಲ್ಲಿ ಸಿಗ್ನಲ್ ಕಲ್ಲಿಗೆ ಬಡಿದು ಸುತ್ತಿ ಬರುವಾಗ, ಚೋರ್ಲಾ ಘಾಟಿನ ಮರಗಳ ಕೆಳಗೆ ಹೋಗುವಾಗ ಈ ಎರಡು ಬದಲಾವಣೆಗಳ ಬೆಲೆ ಗೊತ್ತಾಗುತ್ತದೆ.

ಆಟೊ ಪಾಝ್, ಅಂದರೆ ಸವಾರ ನಿಂತಾಗ ಗಡಿಯಾರವೂ ತಾನಾಗಿ ನಿಲ್ಲುವ ಸೌಲಭ್ಯದ ಬಗ್ಗೆ ಹೆಚ್ಚು ತಾಳ್ಮೆ ಬೇಕು. ನಮ್ಮ ಹಳ್ಳಿಗಳ ಬಳಿ ರಸ್ತೆಯ ಮೇಲೆ ಸಾಲುಸಾಲು ಹಂಪ್ಸ್. ಸವಾರ ಗಂಟೆಗೆ ಐದಾರು ಕಿ.ಮೀ.ಗೆ ಇಳಿದು ಮತ್ತೆ ಏರುತ್ತಾನೆ. ನಿಮ್ಮ ಮಿತಿ 6 ಕಿ.ಮೀ. ಇದ್ದರೆ ಪ್ರತಿ ಹಂಪ್ಸ್‌ಗೂ ಗಡಿಯಾರ ನಿಂತು ಶುರುವಾಗಿ ಸರಾಸರಿ ವೇಗ ಉಬ್ಬುತ್ತದೆ. ನಿಲ್ಲಲು 3 ಕಿ.ಮೀ.ಗಿಂತ ಕಡಿಮೆ, ಅದೂ ನಾಲ್ಕೈದು ಸೆಕೆಂಡು ಸತತವಾಗಿ. ಮತ್ತೆ ಶುರುವಾಗಲು 5 ಕಿ.ಮೀ.ಗಿಂತ ಹೆಚ್ಚು ಎಂದಿಡಿ. ಎರಡು ಮಿತಿಗಳ ನಡುವೆ ಅಂತರವಿದ್ದರೆ ಗಡಿಯಾರ ತೂಗಾಡುವುದಿಲ್ಲ. ರೈಲ್ವೆ ಗೇಟಿನಲ್ಲಿ ನಿಂತ ಹೊತ್ತನ್ನು ಮುಚ್ಚಿಡಬೇಡಿ. ತುಳಿದ ಸಮಯ, ಒಟ್ಟು ಸಮಯ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ. ಸ್ಪರ್ಧೆಯಲ್ಲಿ ಗಡಿಯಾರ ಯಾರಿಗೂ ನಿಲ್ಲುವುದಿಲ್ಲ ಎಂಬುದನ್ನು ಮಕ್ಕಳು ತಾಲೀಮಿನಲ್ಲೇ ಕಲಿಯಲಿ.

ಬ್ಯಾಟರಿ ಉಳಿಸಲೆಂದು ಐದು ಸೆಕೆಂಡಿಗೊಂದು ಬಿಂದು ತೆಗೆಯುವ ಆಸೆ ಬರುತ್ತದೆ. ಸೊಲ್ಲಾಪುರ ರಸ್ತೆಯಂಥ ನೇರ ಹೆದ್ದಾರಿಯಲ್ಲಿ ಅದರಿಂದ ನಷ್ಟವಿಲ್ಲ. ವೆಲೊಡ್ರೋಮ್‌ನಲ್ಲಿ (ಸೈಕಲ್ ಓಟಕ್ಕೆಂದೇ ಕಟ್ಟಿದ ಟ್ರ್ಯಾಕ್‌ನಲ್ಲಿ) ಏನಾಗುತ್ತದೆ ನೋಡಿ. 250 ಮೀಟರ್ ಸುತ್ತಿನ ಟ್ರ್ಯಾಕ್‌ನಲ್ಲಿ 50 ಕಿ.ಮೀ. ವೇಗದಲ್ಲಿ ಹೋದರೆ ಒಂದು ಸುತ್ತಿಗೆ 18 ಸೆಕೆಂಡು. ಐದು ಸೆಕೆಂಡಿಗೊಂದು ಬಿಂದು ಎಂದರೆ ಸುತ್ತಿಗೆ ಮೂರು ನಾಲ್ಕು ಬಿಂದು. ಮೊಟ್ಟೆಯಾಕಾರದ ಟ್ರ್ಯಾಕ್ ತ್ರಿಕೋನವೋ ಚೌಕವೋ ಆಗಿ, ದೂರ ಪ್ರತಿ ಸುತ್ತಿಗೂ ಕಡಿಮೆಯಾಗುತ್ತ ಹೋಗುತ್ತದೆ. ಟ್ರ್ಯಾಕ್‌ಗೆ ಬೇರೆಯೇ ಮೋಡ್ ಇಡಿ. ಟ್ರ್ಯಾಕ್‌ನ ಸುತ್ತಳತೆಯನ್ನು ಕೋಚ್ ತುಂಬಲಿ, ಸುತ್ತಿನ ಲೆಕ್ಕ ಬಟನ್‌ನಿಂದ ಅಥವಾ ಚಕ್ರದ ಸೆನ್ಸರ್‌ನಿಂದ ಬರಲಿ, ಜಿಪಿಎಸ್ ಸುಮ್ಮನಿರಲಿ.

ಚಕ್ರದ ಸೆನ್ಸರ್ ಬಳಸುವುದಾದರೆ ಎರಡು ವಿಷಯ ಗಮನದಲ್ಲಿರಲಿ. ಬ್ಲೂಟೂತ್ ಸೆನ್ಸರ್ ಕಳಿಸುವುದು ವೇಗವನ್ನಲ್ಲ. ಚಕ್ರ ಒಟ್ಟು ಎಷ್ಟು ಸುತ್ತು ತಿರುಗಿತು, ಕೊನೆಯ ಸುತ್ತು ಯಾವಾಗ ಆಯಿತು ಎಂಬ ಎರಡು ಸಂಖ್ಯೆಗಳನ್ನು. ಆ ಸಮಯ ಸೆಕೆಂಡಿನ 1024ನೇ ಒಂದು ಪಾಲಿನ ಲೆಕ್ಕದಲ್ಲಿದ್ದು, 16 ಬಿಟ್ ಆದ್ದರಿಂದ ಪ್ರತಿ 64 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಇದನ್ನು ಕೋಡ್‌ನಲ್ಲಿ ನೋಡಿಕೊಳ್ಳದಿದ್ದರೆ ನಿಮಿಷಕ್ಕೊಮ್ಮೆ ವೇಗ ವಿಚಿತ್ರವಾಗಿ ಜಿಗಿಯುತ್ತದೆ. ಇನ್ನೊಂದು, ಚಕ್ರದ ಸುತ್ತಳತೆ. 700×25 ಟೈರ್‌ಗೆ ಸುಮಾರು 2,105 ಮಿ.ಮೀ. ಎಂದು ಪಟ್ಟಿಗಳಲ್ಲಿ ಇರುತ್ತದೆ. ಆದರೆ ಟೈರ್‌ನ ಗಾಳಿ, ಸವಾರನ ತೂಕ ಸೇರಿ ಅದು ಬದಲಾಗುತ್ತದೆ. ಟೈರ್ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗುರುತು ಹಾಕಿ, ಸವಾರ ಸೀಟಿನ ಮೇಲೆ ಕೂತಿರುವಾಗಲೇ ಚಕ್ರವನ್ನು ಐದು ಸುತ್ತು ಉರುಳಿಸಿ, ಟೇಪ್‌ನಿಂದ ಅಳೆದು ಐದರಿಂದ ಭಾಗಿಸಲು ಹೇಳಿಕೊಡಿ. ಶೇ 1ರ ತಪ್ಪು ಎಂದರೆ ನೂರು ಕಿ.ಮೀ.ಗೆ ಒಂದು ಕಿ.ಮೀ.

ನಾಲ್ಕನೇ ಹೆಜ್ಜೆ: ಇಲ್ಲದ ಏರನ್ನು ತೆಗೆದುಹಾಕಿ

ವಿಜಯಪುರದಿಂದ ಸಿಂದಗಿ ಕಡೆಗೆ ಹೋಗಿಬಂದ ಹುಡುಗನಿಗೆ ಆ್ಯಪ್ ಘಾಟಿ ಹತ್ತಿದಷ್ಟು ಏರು ತೋರಿಸಿದರೆ ಅದು ಜಿಪಿಎಸ್ ಎತ್ತರದ ನಡುಕ. ಜಿಪಿಎಸ್‌ನಲ್ಲಿ ಎತ್ತರದ ತಪ್ಪು ಅಡ್ಡಗಲದ ತಪ್ಪಿಗಿಂತ ದೊಡ್ಡದು. ಸಮತಟ್ಟು ನೆಲದಲ್ಲಿ ಆ ಏರುಪೇರನ್ನೆಲ್ಲ ಕೂಡುತ್ತ ಹೋದರೆ ಬೆಟ್ಟವೇ ಎದ್ದು ನಿಲ್ಲುತ್ತದೆ. ಬರಿ ಜಿಪಿಎಸ್ ಇದ್ದಾಗ ಎಂಟು ಹತ್ತು ಮೀಟರ್ ನಿರಂತರ ಏರಿದ ಮೇಲಷ್ಟೇ ಏರಿನ ಲೆಕ್ಕಕ್ಕೆ ಸೇರಿಸಿ. ಗಾಳಿಯ ಒತ್ತಡ ಅಳೆಯುವ ಬಾರೊಮೀಟರ್ ಇರುವ ಫೋನ್‌ನಲ್ಲಿ ಮೂರು ಮೀಟರ್ ಸಾಕು.

ಬಾರೊಮೀಟರ್‌ನಲ್ಲೂ ನಮ್ಮ ಭಾಗದಲ್ಲಿ ಒಂದು ತೊಡಕಿದೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚಿದ್ದು, ಮಧ್ಯಾಹ್ನ ನಾಲ್ಕರ ಸುಮಾರಿಗೆ ಕೆಲವು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಒತ್ತಡ ಒಂದು ಹೆಕ್ಟೊಪಾಸ್ಕಲ್ ಬದಲಾದರೆ ಎತ್ತರದ ಲೆಕ್ಕದಲ್ಲಿ ಸುಮಾರು ಒಂಬತ್ತು ಮೀಟರ್. ಹಗಲಿಡೀ ಸೈಕಲ್ ಹೊಡೆದವರ ಎತ್ತರ ಸಂಜೆಗೆ ಇಪ್ಪತ್ತು ಮೂವತ್ತು ಮೀಟರ್ ತಾನಾಗಿಯೇ ಏರಿರುತ್ತದೆ. ಪರಿಹಾರ ಇಷ್ಟು: ಸಣ್ಣ ಏರಿಳಿತಕ್ಕೆ ಬಾರೊಮೀಟರ್ ನಂಬಿ, ದೀರ್ಘ ಅವಧಿಗೆ ಎತ್ತರದ ನಕ್ಷೆಗೆ ನಿಧಾನವಾಗಿ ಹೊಂದಿಸಿ.

ಎತ್ತರದ ನಕ್ಷೆಯನ್ನು ಮಾತ್ರ ನೆಚ್ಚಿಕೊಂಡರೂ ಆಗದು. ಬಾಹ್ಯಾಕಾಶ ನೌಕೆಯೊಂದು 2000ರಲ್ಲಿ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ನಕ್ಷೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸುಮಾರು 30 ಮೀಟರಿಗೊಂದು ಅಳತೆ. ಅದಕ್ಕೆ ಗೊತ್ತಿರುವುದು ಅಂದಿನ ನೆಲ. ಆಮೇಲೆ ಕಟ್ಟಿದ್ದು ಗೊತ್ತಿಲ್ಲ. ಕೊಲ್ಹಾರದ ಬಳಿ ಕೃಷ್ಣೆಯ ಉದ್ದನೆಯ ಸೇತುವೆಯ ಮೇಲೆ ನೇರವಾಗಿ ದಾಟಿದವರನ್ನು ಇಂಥ ನಕ್ಷೆ ನದಿಗೆ ಇಳಿಸಿ ಆಚೆ ದಡಕ್ಕೆ ಹತ್ತಿಸಬಲ್ಲದು. ಜನರೇ ಸೇರಿ ರೂಪಿಸುವ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೇತುವೆ ಎಂದು ಗುರುತಿರುವ ಭಾಗಕ್ಕೆ ಎರಡು ತುದಿಗಳ ಎತ್ತರವನ್ನು ನೇರ ಗೆರೆಯಿಂದ ಜೋಡಿಸಿ.

ಐದನೇ ಹೆಜ್ಜೆ: ಗಾಳಿ ಮತ್ತು ಬಿಸಿಲನ್ನು ಒಳಗೆ ತನ್ನಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಬೆಟ್ಟಗುಡ್ಡದ ಊರುಗಳಿಗೆಂದು ಮಾಡಿದ ಆ್ಯಪ್‌ಗಳು ಏರನ್ನು ಅಳೆಯುತ್ತವೆ. ನಮ್ಮ ಎರೆ ಹೊಲದ ಬಯಲಿನಲ್ಲಿ ಸವಾರನಿಗೆ ಘಾಟಿಯಷ್ಟು ಕಷ್ಟ ಕೊಡುವುದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದಿಂದ ಬೀಸುವ ಮುಂಗಾರು ಗಾಳಿಗೆ ಈ ರಸ್ತೆಗಳಲ್ಲಿ ಅಡ್ಡ ನಿಲ್ಲುವ ಗುಡ್ಡವೂ ಇಲ್ಲ, ಕಾಡೂ ಇಲ್ಲ.

ಲೆಕ್ಕ ನೋಡಿ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ., ಗಾಳಿಗೆ ಒಡ್ಡುವ ಮೈಯ ಅಳತೆ (ಸಿಡಿಎ) 0.32 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದ ದಿನ ಸಮತಟ್ಟು ರಸ್ತೆಯಲ್ಲಿ 30 ಕಿ.ಮೀ. ವೇಗಕ್ಕೆ ಗಾಳಿಯನ್ನು ಸೀಳಲು ಸುಮಾರು 100 ವ್ಯಾಟ್, ಟೈರ್ ಉರುಳಲು ಸುಮಾರು 33 ವ್ಯಾಟ್ ಬೇಕು. ಎದುರಿಗೆ ಬರೀ 10 ಕಿ.ಮೀ. ವೇಗದ ಗಾಳಿ ಬಂತೆನ್ನಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಅದೇ 30ರ ವೇಗಕ್ಕೆ ಒಟ್ಟು 210 ವ್ಯಾಟ್ ಬೇಕಾಗುತ್ತದೆ. ಹುಡುಗ ನಿನ್ನೆಗಿಂತ ಎಷ್ಟೋ ಹೆಚ್ಚು ದುಡಿದಿರುತ್ತಾನೆ, ಆದರೂ ವೇಗ ಇಳಿದಿರುತ್ತದೆ. ಆ್ಯಪ್ ಕೆಂಪು ಬಾಣ ಹಾಕಿ "ಕಳೆದ ವಾರಕ್ಕಿಂತ ನಿಧಾನ" ಎನ್ನುತ್ತದೆ. ಅವನು ಕೋಚ್ ಹತ್ತಿರ ಬಂದು "ಸರ, ಇಷ್ಟ ಹೊಡದ್ರೂ ಸ್ಪೀಡ್ ಕಡಿಮಿ ತೋರಸಾಕತ್ತೈತ್ರಿ" ಎಂದು ಮುಖ ಸಣ್ಣ ಮಾಡುತ್ತಾನೆ. ಈ ಅನ್ಯಾಯವನ್ನು ನೀವು ಕೋಡ್‌ನಿಂದ ಸರಿಪಡಿಸಬಹುದು.

ರೈಡ್ ಮುಗಿದ ಮೇಲೆ ಹವಾಮಾನ ಸೇವೆಯೊಂದರಿಂದ ಆ ಗಂಟೆಯ, ಆ ಜಾಗದ ಗಾಳಿಯ ವೇಗ ಮತ್ತು ದಿಕ್ಕು ತರಿಸಿಕೊಳ್ಳಿ. ಇಂಥ ದತ್ತಾಂಶ ಸಾಮಾನ್ಯವಾಗಿ ನೆಲದಿಂದ 10 ಮೀಟರ್ ಎತ್ತರದ್ದು. ಸವಾರನ ಎದೆಯ ಎತ್ತರದಲ್ಲಿ, ಬಯಲಿನಲ್ಲಿ, ಅದರ ಶೇ 60ರಷ್ಟು ಎಂದು ಹಿಡಿಯಬಹುದು. ದಾರಿಯನ್ನು ಅರ್ಧ ಕಿ.ಮೀ. ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ದಿಕ್ಕಿಗೂ ಗಾಳಿಯ ದಿಕ್ಕಿಗೂ ಇರುವ ಕೋನದ ಕೊಸೈನ್‌ನಿಂದ ಎದುರು ಗಾಳಿ ಎಷ್ಟು ಎಂದು ತೆಗೆಯಿರಿ. ಪರದೆಯ ಮೇಲೆ ಒಂದೇ ಸಾಲು: "ಇವತ್ತು 24 ಕಿ.ಮೀ. ಎದುರು ಗಾಳಿ, 18 ಕಿ.ಮೀ. ಬೆನ್ನ ಗಾಳಿ." ಹೋಗುವಾಗ ಎದುರು, ಬರುವಾಗ ಬೆನ್ನಿಗೆ ಬಂದರೆ ಸರಿಹೋಯಿತಲ್ಲ ಎಂದು ಯಾರಾದರೂ ಕೇಳಬಹುದು. ಸರಿಹೋಗುವುದಿಲ್ಲ. ಎದುರು ಗಾಳಿಯಲ್ಲಿ ನಿಧಾನವಾಗಿ ಹೋಗುವುದರಿಂದ ಕಷ್ಟದಲ್ಲಿ ಕಳೆಯುವ ಹೊತ್ತೇ ಹೆಚ್ಚು. ಬಂಚ್ ನಡುವೆ ಇದ್ದವನಿಗೆ ಗಾಳಿ ತಾಗುವುದೂ ಕಡಿಮೆ. ಆದ್ದರಿಂದ "ಒಬ್ಬನೇ ಹೋದೆ / ಬಂಚ್‌ನಲ್ಲಿ ಹೋದೆ" ಎಂಬ ಆಯ್ಕೆಯನ್ನೂ ಇಡಿ. ಹೋಲಿಸುವುದಾದರೆ ಅದೇ ದಾರಿಯ, ಅಂಥದೇ ಗಾಳಿಯ, ಅದೇ ಬಗೆಯ ರೈಡ್ ಜೊತೆಗಷ್ಟೇ ಹೋಲಿಸಿ. ಹಾಗೆ ಹೋಲಿಸಲು ಹಳೆಯ ರೈಡ್ ಇಲ್ಲದಿದ್ದರೆ ಬಾಣ ತೋರಿಸಲೇಬೇಡಿ.

ಬಿಸಿಲಿನದೂ ಇದೇ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ತಾಪಮಾನ 40 ಡಿಗ್ರಿ ದಾಟುತ್ತದೆ. ಸೆಕೆಯಲ್ಲಿ ದೇಹ ತಂಪಾಗಲು ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ, ಬೆವರಿ ನೀರು ಕಳೆದುಕೊಳ್ಳುತ್ತದೆ. ಅದೇ ಶ್ರಮಕ್ಕೆ ಹೃದಯ ಬಡಿತ ಗಂಟೆ ಕಳೆದಂತೆ ಮೇಲೇರುತ್ತದೆ. ಡಿಸೆಂಬರ್‌ನ ನಸುಕಿನ ಬಡಿತವನ್ನು ಮೇ ತಿಂಗಳ ಒಂಬತ್ತು ಗಂಟೆಯ ಬಡಿತದ ಪಕ್ಕ ಇಟ್ಟು "ಫಿಟ್‌ನೆಸ್ ಕುಸಿದಿದೆ" ಎನ್ನುವ ಗ್ರಾಫ್ ಯಾರಿಗೂ ಬೇಡ. ಪ್ರತಿ ರೈಡ್ ಜೊತೆ ತಾಪಮಾನ ದಾಖಲಿಸಿ. ಮರುದಿನದ ಮುನ್ಸೂಚನೆ ನೋಡಿ, ಎರಡು ಗಂಟೆಯ ರೈಡ್ ಮುಗಿಯುವಾಗ ಎಷ್ಟು ಬಿಸಿಲಿರುತ್ತದೆ ಎಂದು ಹಿಂದಿನ ರಾತ್ರಿಯೇ ತಿಳಿಸಿ. ಕೋಚ್ ಹೊರಡುವ ಹೊತ್ತನ್ನು ಹಿಂದೂಡುವುದೋ ಮುಂದೂಡುವುದೋ ನೋಡಿಕೊಳ್ಳುತ್ತಾರೆ.

ಆರನೇ ಹೆಜ್ಜೆ: ಪವರ್ ಮೀಟರ್ ಇಲ್ಲದವರ ಶ್ರಮವನ್ನೂ ಅಳೆಯಿರಿ

ಪವರ್ ಮೀಟರ್, ಅಂದರೆ ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಸಾಧನ, ಇದ್ದವರಿಗೆ ದಾರಿ ಸಿದ್ಧವಿದೆ. ಮೂವತ್ತು ಸೆಕೆಂಡಿನ ಚಲಿಸುವ ಸರಾಸರಿ, ಅದರ ನಾಲ್ಕನೇ ಘಾತ, ಆ ಘಾತಗಳ ಸರಾಸರಿಯ ನಾಲ್ಕನೇ ಮೂಲ ಎಂಬ ಸೂತ್ರವನ್ನು ಬರೆಯಲು ಅರ್ಧ ದಿನ ಸಾಕು. ಆದರೆ ಪವರ್ ಮೀಟರ್ ಹತ್ತಾರು ಸಾವಿರ ರೂಪಾಯಿಯ ವಸ್ತು. ಹಾಸ್ಟೆಲ್‌ನ ಎಲ್ಲ ಮಕ್ಕಳಿಗೂ ಎಲ್ಲಿಂದ ಬರಬೇಕು?

ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಸರಳ ವಿಧಾನವೊಂದಿದೆ. ರೈಡ್ ಮುಗಿದು ಅರ್ಧ ಗಂಟೆಯಾದ ಮೇಲೆ ಒಟ್ಟಾರೆ ಎಷ್ಟು ಕಷ್ಟವಾಯಿತು ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳುವುದು, ಅದನ್ನು ರೈಡ್‌ನ ನಿಮಿಷಗಳಿಂದ ಗುಣಿಸುವುದು. 90 ನಿಮಿಷ, ಕಷ್ಟ 6 ಎಂದರೆ ಆ ದಿನದ ಹೊರೆ 540. ವಾರದ ಮೊತ್ತವನ್ನು ಕೋಚ್ ನೋಡಿದರೆ ಯಾರ ಮೇಲೆ ಭಾರ ಹೆಚ್ಚುತ್ತಿದೆ ಎಂದು ತಕ್ಷಣ ತಿಳಿಯುತ್ತದೆ. ಅರ್ಧ ಗಂಟೆ ಕಾಯಬೇಕು ಎಂಬುದು ಮುಖ್ಯ. ಕೊನೆಯ ಸ್ಪ್ರಿಂಟ್ ಮುಗಿಸಿ ಏದುಸಿರು ಬಿಡುತ್ತಿರುವಾಗ ಕೇಳಿದರೆ ಎಲ್ಲರೂ ಒಂಬತ್ತು ಎನ್ನುತ್ತಾರೆ. ಹಾಲು, ಬಾಳೆಹಣ್ಣು ತಿನ್ನುವ ಹೊತ್ತಿಗೆ ಆ್ಯಪ್ "ಇವತ್ತಿನ ರೈಡ್ ಹೆಂಗಿತ್ತು?" ಎಂದು ಕೇಳಲಿ. ಉತ್ತರಗಳೂ ಮೈದಾನದ ಮಾತಿನಲ್ಲೇ ಇರಲಿ: ಹಗುರ ಇತ್ತು, ನಡೀತು, ಬಿಗಿ ಆತು, ಕಾಲ ಸೋತ್ವು.

ಇದೇ ಪರದೆಯಲ್ಲಿ ನಿದ್ದೆ, ನೋವು, ಬೆಳಿಗ್ಗೆ ಎದ್ದ ಕೂಡಲೇ ಮಣಿಕಟ್ಟಿನಲ್ಲಿ ಒಂದು ನಿಮಿಷ ಎಣಿಸಿದ ನಾಡಿ, ಈ ಮೂರಕ್ಕೆ ಜಾಗ ಕೊಡಿ. ಹೆಚ್ಚು ಕೇಳಿದರೆ ಯಾರೂ ತುಂಬುವುದಿಲ್ಲ.

ತೋರಿಸಬಾರದ ಸಂಖ್ಯೆಗಳೂ ಇವೆ. ವೇಗದಿಂದ ಊಹಿಸಿದ ವ್ಯಾಟ್ ಬೇಡ. ಗಾಳಿ ಏನು ಮಾಡುತ್ತದೆ ಎಂದು ಮೇಲೆ ನೋಡಿದಿರಿ. ಗರಿಷ್ಠ ಹೃದಯ ಬಡಿತಕ್ಕೆ 220ರಿಂದ ವಯಸ್ಸನ್ನು ಕಳೆಯುವ ಸೂತ್ರ ಬೇಡ. ಒಬ್ಬೊಬ್ಬರಿಗೆ ಅದು ಹತ್ತು ಹನ್ನೆರಡು ಬಡಿತ, ಕೆಲವರಿಗೆ ಇನ್ನೂ ಹೆಚ್ಚು, ತಪ್ಪುತ್ತದೆ. ಹೃದಯ ಬಡಿತ ಅಳೆಯುವ ಎದೆಪಟ್ಟಿ ಕಟ್ಟಿಕೊಂಡು ಮಾಡಿದ ಕಠಿಣ ರೈಡ್‌ಗಳಲ್ಲಿ ಕಂಡ ಗರಿಷ್ಠವನ್ನೇ ಇಟ್ಟುಕೊಳ್ಳಿ. ಮಣಿಕಟ್ಟಿನ ಗಡಿಯಾರ ತಗ್ಗುದಿಣ್ಣೆಯ ರಸ್ತೆಯ ಅದುರಿಗೆ ತಪ್ಪು ಓದುತ್ತದೆ. ಕ್ಯಾಲೊರಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಪವರ್ ಮೀಟರ್ ಇದ್ದರೆ ಮಾತ್ರ ತೋರಿಸಿ. ಆಗ ಕಿಲೋಜೂಲ್‌ನಲ್ಲಿ ಮಾಡಿದ ಕೆಲಸ, ಕಿಲೋಕ್ಯಾಲೊರಿಯಲ್ಲಿ ಸುಟ್ಟ ಶಕ್ತಿ ಹೆಚ್ಚುಕಡಿಮೆ ಸಮ. ದೇಹದ ದಕ್ಷತೆ ಶೇ 20ರಿಂದ 25 ಇರುವುದರಿಂದ ಹಾಗಾಗುತ್ತದೆ. ಉಳಿದವರಿಗೆ ಅದು ಬರೀ ಊಹೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಈ ಸಂಖ್ಯೆಯನ್ನು ಮೊದಲಿನಿಂದಲೇ ಮುಚ್ಚಿಡಿ. ರೊಟ್ಟಿ ಎಣಿಸಿ ತಿನ್ನುವ ಅಭ್ಯಾಸ ಅವರಿಗೆ ಅಂಟಬಾರದು.

ಏಳನೇ ಹೆಜ್ಜೆ: ಪರದೆ ಚಿಕ್ಕದಾಗಲಿ, ದನಿ ಸ್ಪಷ್ಟವಾಗಲಿ

ಸವಾರಿಯ ಪರದೆಯಲ್ಲಿ ಮೂರೇ ಸಂಖ್ಯೆ: ವೇಗ, ದೂರ, ಸಮಯ. ಕಡು ಬಿಸಿಲಿನಲ್ಲಿ ಕಾಣಲು ಬಿಳಿಯ ಮೇಲೆ ದಪ್ಪ ಕಪ್ಪು. ಬೆವರಿದ ಬೆರಳಿಗೆ ದೊಡ್ಡ ಬಟನ್. ಕನ್ನಡ ಅಕ್ಷರಗಳಿಗೆ ಒತ್ತು ಇರುವುದರಿಂದ ಸಾಲಿನ ಎತ್ತರ ಹೆಚ್ಚು ಬಿಡಿ. ಇಲ್ಲದಿದ್ದರೆ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ಅಗ್ಗದ ಫೋನ್‌ನ ಸಣ್ಣ ಪರದೆಯ ಮೇಲೆ ತೆರೆದು ಪರೀಕ್ಷಿಸಿ.

ಐದು ಕಿ.ಮೀ.ಗೊಮ್ಮೆ ಕನ್ನಡದಲ್ಲಿ ಹೇಳುವ ದನಿ ಇದ್ದರೆ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಆದರೆ ಎರಡೂ ಕಿವಿಗೆ ಇಯರ್‌ಫೋನ್ ಹಾಕಲು ಹೇಳಬೇಡಿ, ಫೋನ್‌ನ ಸ್ಪೀಕರ್ ಸಾಕು. ಹಿಂದಿನಿಂದ ಬರುವ ಲಾರಿಯ ಸದ್ದು ಕೇಳಬೇಕು.

ಎಂಟನೇ ಹೆಜ್ಜೆ: ಮಕ್ಕಳ ದಾರಿ ಗುಟ್ಟಾಗಿರಲಿ

ವ್ಯಾಯಾಮ ದಾಖಲಿಸುವ ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ಪ್ರಕಟಿಸಿದ್ದ ಜಾಗತಿಕ ಹೀಟ್‌ಮ್ಯಾಪ್‌ನಲ್ಲಿ (ಜನ ಓಡಾಡಿದ ದಾರಿಗಳನ್ನು ಬೆಳಕಿನ ಗೆರೆಯಾಗಿ ತೋರಿಸುವ ನಕ್ಷೆಯಲ್ಲಿ) ಸೇನಾ ನೆಲೆಗಳ ಒಳದಾರಿಗಳೇ ಬೆಳಗಿ ಕಾಣುತ್ತಿದ್ದುದು 2018ರ ಜನವರಿಯಲ್ಲಿ ಬಯಲಾಯಿತು. ಸೈನಿಕರ ದಾರಿಯೇ ಹೊರಬಿದ್ದ ಮೇಲೆ, ನಸುಕಿನಲ್ಲಿ ಒಬ್ಬಳೇ ಹೊರಡುವ ಹುಡುಗಿಯ ದಿನಚರಿ ಯಾರ ಕಣ್ಣಿಗೆ ಬೇಕಾದರೂ ಬೀಳಬಹುದು. ಎಲ್ಲ ರೈಡ್‌ಗಳೂ ತಾವಾಗಿಯೇ ಖಾಸಗಿಯಾಗಿರಲಿ. ಹಂಚಿಕೊಂಡಾಗ ಮನೆ ಅಥವಾ ಹಾಸ್ಟೆಲ್ ಸುತ್ತಲಿನ ಭಾಗ ಮರೆಯಾಗಲಿ. ಮರೆಮಾಡುವ ವೃತ್ತದ ನಡುಬಿಂದು ಮನೆಯೇ ಆಗಿದ್ದರೆ, ನಾಲ್ಕಾರು ರೈಡ್ ನೋಡಿದವರು ವೃತ್ತದ ಕೇಂದ್ರವನ್ನು ಸುಲಭವಾಗಿ ಕಂಡುಹಿಡಿಯುತ್ತಾರೆ. ನಡುಬಿಂದುವನ್ನು ಒಮ್ಮೆ ಬೇಕಾಬಿಟ್ಟಿ ದಿಕ್ಕಿಗೆ ಸರಿಸಿ, ಅದನ್ನೇ ಕಾಯಂ ಇಟ್ಟುಕೊಳ್ಳಿ.

ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡುವುದಕ್ಕೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೂ ಅದು ನಿರ್ಬಂಧ ಹೇರುತ್ತದೆ. ಹಾಸ್ಟೆಲ್ ಮಕ್ಕಳಲ್ಲಿ ಹೆಚ್ಚಿನವರು ಈ ವಯಸ್ಸಿನವರೇ. ಕೋಚ್ ಯಾವ ಮಾಹಿತಿ ನೋಡಬಹುದು ಎಂಬುದನ್ನೂ ಒಪ್ಪಿಗೆ ಪತ್ರದಲ್ಲಿ ಸರಳ ಕನ್ನಡದಲ್ಲಿ ಬರೆದು, ಮನೆಯವರಿಗೆ ಓದಿ ಹೇಳಿ, ವಕೀಲರೊಬ್ಬರಿಗೆ ತೋರಿಸಿ ಮುಂದುವರಿಯಿರಿ.

ಹೆದ್ದಾರಿಯ ಮೇಲೆ "ಯಾರು ವೇಗ?" ಎಂಬ ಲೀಡರ್‌ಬೋರ್ಡ್ ಇಡಬೇಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಗೋಕಾಕ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ನಸುಕಿನಲ್ಲೂ ಓಡುತ್ತವೆ. ಹಿಂದೆ ದೀಪವಿಲ್ಲದವೂ ಇರುತ್ತವೆ. ಆ ತಿಂಗಳುಗಳಲ್ಲಿ ಅಂಥ ದಾರಿ ಆರಿಸಿದವರಿಗೆ ಒಂದು ಎಚ್ಚರಿಕೆ ತೋರಿಸಿ. ಲೈವ್ ಲೊಕೇಶನ್ ಕೊಡುವುದಾದರೆ ಡೇಟಾ ಸಿಗದ ಕಡೆ ಎಸ್ಎಂಎಸ್ ಹೋಗುವಂತಿರಲಿ. ಬಿದ್ದದ್ದನ್ನು ಗುರುತಿಸುವ ಸೌಲಭ್ಯವಿದ್ದರೆ, ತಗ್ಗಿಗೆ ಇಳಿದಾಗಲೆಲ್ಲ ಮನೆಗೆ ಸಂದೇಶ ಹೋಗದಂತೆ, ಧಕ್ಕೆಯ ನಂತರ ಸೈಕಲ್ ನಿಂತೇ ಇದೆಯೇ ಎಂದು ನೋಡಿ, ಮೂವತ್ತು ಸೆಕೆಂಡು ಕಾಯ್ದು ಕಳಿಸಿ.

ಒಂಬತ್ತನೇ ಹೆಜ್ಜೆ: ವಿಶ್ರಾಂತಿಯ ದಿನವನ್ನು ಶಿಕ್ಷಿಸಬೇಡಿ

ಸತತ ಇಷ್ಟು ದಿನ ಎಂದು ಎಣಿಸಿ, ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಸುವ ಸ್ಟ್ರೀಕ್ ಅನ್ನು ತೆಗೆದುಬಿಡಿ. ಜ್ವರ ಬಂದವನೂ ಅದಕ್ಕಾಗಿ ಸೈಕಲ್ ಹತ್ತುತ್ತಾನೆ. ಕೋಚ್ ಬರೆದ ವಾರದ ಯೋಜನೆಯಲ್ಲಿ ಸೋಮವಾರ ವಿಶ್ರಾಂತಿ ಎಂದಿದ್ದರೆ, ಸೋಮವಾರ ಸೈಕಲ್ ಮುಟ್ಟದಿದ್ದವನಿಗೂ ಹಸಿರು ಗುರುತು ಬೀಳಲಿ.

ಎಣಿಸಲು ಏನಾದರೂ ಬೇಕೇ ಬೇಕು ಎಂದರೆ ಎಡಿಂಗ್ಟನ್ ಸಂಖ್ಯೆ ಇಡಿ. ಬ್ರಿಟನ್ನಿನ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ಒಳ್ಳೆಯ ಸೈಕ್ಲಿಸ್ಟ್ ಕೂಡ. ಕನಿಷ್ಠ 40 ಕಿ.ಮೀ.ಯ ರೈಡ್ 40 ದಿನ ಮಾಡಿದ್ದರೆ ನಿಮ್ಮ ಸಂಖ್ಯೆ 40. ಅದನ್ನು 41 ಮಾಡಲು 41 ಕಿ.ಮೀ.ಗೆ ಕಡಿಮೆಯಿಲ್ಲದ ದಿನಗಳು 41 ಆಗಬೇಕು. ಎಡಿಂಗ್ಟನ್ ಅವರ ಸಂಖ್ಯೆ, ಮೈಲಿಗಳಲ್ಲಿ, 84. ಈ ಸಂಖ್ಯೆ ಎಂದೂ ಇಳಿಯುವುದಿಲ್ಲ, ವರ್ಷಗಳ ಕಾಲ ನಿಧಾನವಾಗಿ ಏರುತ್ತದೆ. ಮಳೆಗಾಲದಲ್ಲಿ ಬಿತ್ತನೆಗೆಂದು ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದ ಹುಡುಗನೂ ತಾನು ಬಿಟ್ಟಲ್ಲಿಂದಲೇ ಮುಂದುವರಿಯುತ್ತಾನೆ.

ಹತ್ತನೇ ಹೆಜ್ಜೆ: ನಮ್ಮ ರಸ್ತೆಗಳಲ್ಲೇ ಪರೀಕ್ಷಿಸಿ

ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನೊಳಗಿನ ನಕಲಿ ಫೋನ್‌ನಲ್ಲಿ) ಇದ್ಯಾವುದೂ ತಿಳಿಯುವುದಿಲ್ಲ. ಸುತ್ತಳತೆ ಟೇಪ್‌ನಿಂದ ಅಳೆದ ಚಕ್ರದ ಸೆನ್ಸರ್ ಅನ್ನು ಅಳತೆಗೋಲಾಗಿ ಇಟ್ಟುಕೊಂಡು, ಒಂದೇ ಸೈಕಲ್ ಮೇಲೆ ಎರಡು ಮೂರು ಫೋನ್ ಕಟ್ಟಿ. ವಿಜಯಪುರ–ಸೊಲ್ಲಾಪುರ ರಸ್ತೆಯ ಒಂದು ನೇರ ಭಾಗ, ಕೊಲ್ಹಾರದ ಸೇತುವೆ, ವಿಜಯಪುರದ ಹಳೇ ಊರಿನ ಓಣಿಗಳು, ಚೋರ್ಲಾ ಘಾಟಿನ ಏರು, ಈ ನಾಲ್ಕರಲ್ಲಿ ಹೊಸ ಆವೃತ್ತಿ ಸರಿಬಂದರೆ ಬೇರೆಡೆಯೂ ಬರುತ್ತದೆ. ಬರುವಾಗ ಬಸ್ಸಿನಲ್ಲಿ ಕೂತು ರೆಕಾರ್ಡಿಂಗ್ ನಿಲ್ಲಿಸದೇ ನೋಡಿ. ಬಸ್ಸಿನ ಅರವತ್ತರ ವೇಗವನ್ನು ಸವಾರನ ದಾಖಲೆ ಎಂದು ಆ್ಯಪ್ ಒಪ್ಪಿಕೊಳ್ಳಬಾರದು. "ಇಲ್ಲಿಂದ ವಾಹನದಲ್ಲಿ ಬಂದಿರಾ?" ಎಂದು ಕೇಳಿ ಕತ್ತರಿಸಬೇಕು.

ರೈಡ್‌ಗಳನ್ನು ಜಿಪಿಎಕ್ಸ್ ಮತ್ತು ಎಫ್ಐಟಿ ಕಡತಗಳಾಗಿ ಹೊರಗೆ ತೆಗೆಯುವ ಬಟನ್ ಇರಲಿ. ಜಿಪಿಎಕ್ಸ್ ಎಲ್ಲೆಡೆ ತೆರೆಯುತ್ತದೆ. ಪವರ್, ಕೇಡೆನ್ಸ್ (ಪೆಡಲ್ ತಿರುಗುವ ಗತಿ), ಲ್ಯಾಪ್ ವಿವರಗಳು ಅಚ್ಚುಕಟ್ಟಾಗಿ ಉಳಿಯುವುದು ಎಫ್ಐಟಿಯಲ್ಲಿ. ನೀವು ಡಿಗ್ರಿ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಆ್ಯಪ್ ನಿಂತುಹೋದರೂ ಆ ಮಕ್ಕಳ ವರ್ಷಗಳ ದುಡಿಮೆ ಅವರ ಬಳಿಯೇ ಇರಬೇಕು.

ಮೊದಲಿಗೆ ಹತ್ತು ಸವಾರರಿಗೆ ಮಾತ್ರ ಕೊಡಿ. ಶುರುವಾದ ರೈಡ್‌ಗಳಲ್ಲಿ ಪೂರ್ತಿಯಾಗಿ ಉಳಿದವು ಎಷ್ಟು ಎಂಬ ಒಂದೇ ಅಂಕಿಯನ್ನು ವಾರವಾರವೂ ನೋಡಿ. ನೂರರಲ್ಲಿ ಒಂದೆರಡಕ್ಕಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ಎರಡನೇ ಹೆಜ್ಜೆಗೆ ಮರಳಿ, ಹೊಸದೇನನ್ನೂ ಸೇರಿಸಬೇಡಿ. ಕೆಲಸ ಎಷ್ಟೇ ಚೆನ್ನಾಗಿ ಮುಗಿದಿದ್ದರೂ ರಾಜ್ಯ ಮಟ್ಟದ ಸ್ಪರ್ಧೆಗೆ ಎರಡು ವಾರ ಇರುವಾಗ ಹೊಸ ಆವೃತ್ತಿ ಬಿಡಬೇಡಿ. ಸ್ಪರ್ಧೆ ಮುಗಿದ ಮರುವಾರ, ವಿಶ್ರಾಂತಿಯ ದಿನ ನೋಡಿ ಬಿಡುಗಡೆ ಮಾಡಿ.